ಸಂಬಳ ಕಡಿಮೆ ಬಂತಾ? ಬಾಕಿ ಕೇಳುವುದು ಹೀಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಕಂಟ್ರಾಕ್ಟರ್ ಮೂಲಕ ಸೇರಿದವರು ಬಹಳ ಮಂದಿ. ಸಂಬಳ ಕಡಿಮೆ ಬಿದ್ದರೆ ಕಂಪನಿಯವರು ಕಂಟ್ರಾಕ್ಟರನ್ನು ಕೇಳಿ ಅನ್ನುತ್ತಾರೆ. ಕಂಟ್ರಾಕ್ಟರ್ ಇನ್ನೂ ಬಿಲ್ ಆಗಿಲ್ಲ ಅನ್ನುತ್ತಾನೆ. ಈ ಅಲೆದಾಟ ನಿಮಗೆ ಬೇಕಿಲ್ಲ. ಕಂಟ್ರಾಕ್ಟರ್ ಕೊಡದಿದ್ದರೆ ಕಂಪನಿಯೇ ಕೊಡಬೇಕು, ಕಾನೂನು ಇರುವುದೇ ಹಾಗೆ.

ಮೊದಲು ನಿಮ್ಮ ಕನಿಷ್ಠ ವೇತನ ಎಷ್ಟು ಅಂತ ನೋಡಿಕೊಳ್ಳಿ. ಕೆಲಸದ ಬಗೆ, ಕೌಶಲ, ವಲಯದ ಮೇಲೆ ರಾಜ್ಯ ಸರ್ಕಾರ ಇದನ್ನು ನಿಗದಿ ಮಾಡುತ್ತದೆ. ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಬದಲಾಗುವುದರಿಂದ ಹಳೇ ಪಟ್ಟಿ ನಂಬಬೇಡಿ. ಹೊಸದು ಕಾರ್ಮಿಕ ಇಲಾಖೆಯ ವೆಬ್‌ಸೈಟಿನಲ್ಲಿದೆ.

ಆಮೇಲೆ ಸ್ಯಾಲರಿ ಸ್ಲಿಪ್ ಕೇಳಿ ಪಡೆಯಿರಿ. ಜಾಸ್ತಿ ಮೋಸ ಆಗುವುದು ಓಟಿಯಲ್ಲಿ, ಅಂದರೆ ಹೆಚ್ಚುವರಿ ಗಂಟೆ ದುಡಿದದ್ದಕ್ಕೆ ಕೊಡುವ ದುಡ್ಡಿನಲ್ಲಿ. ಎಂಟು ಗಂಟೆಗೆ ದಿನಗೂಲಿ 600 ರೂಪಾಯಿ ಅಂದುಕೊಳ್ಳಿ. ಗಂಟೆಗೆ 75 ಆಯಿತು. ಓಟಿಗೆ ಇದರ ಎರಡು ಪಟ್ಟು, ಅಂದರೆ 150 ಕೊಡಬೇಕು. ಎರಡು ಗಂಟೆ ಹೆಚ್ಚು ನಿಂತವರಿಗೆ 300 ಬರಬೇಕು. 'ಸಿಂಗಲ್ ಓಟಿ' ಅಂತ 150 ಕೈಗಿಟ್ಟರೆ ಅರ್ಧ ದುಡ್ಡು ಹೋಯಿತು. 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಕಾರ್ಮಿಕರು ಸಿಟ್ಟಿಗೆದ್ದಿದ್ದು ಸಂಬಳ ಮತ್ತು ಓಟಿಯ ವಿಷಯಕ್ಕೇ.

ಕಡಿತವನ್ನೂ ನೋಡಿ. ಒಂದು ದಿನ ರಜೆ ಹಾಕಿದ್ದಕ್ಕೆ ಮೂರು ದಿನದ ಸಂಬಳ ಹಿಡಿಯುವ ಹಾಗಿಲ್ಲ. ಎಲ್ಲ ಕಡಿತ ಸೇರಿದರೂ ಸಂಬಳದ ಅರ್ಧ ದಾಟಬಾರದು. ಪಿಎಫ್ ಹಿಡಿದಿದ್ದರೆ ಪಾಸ್‌ಬುಕ್‌ನಲ್ಲಿ ಜಮಾ ಆಗಿದೆಯಾ ಅಂತ ಮೊಬೈಲ್‌ನಲ್ಲೇ ನೋಡಬಹುದು.

ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಬರಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು.

ಇಷ್ಟಾದರೂ ಕೊಡದಿದ್ದರೆ ಸುಮ್ನೆ ಬಾಯಲ್ಲಿ ಕೇಳುತ್ತಾ ಕೂರಬೇಡಿ. ಕೋಲಾರದ ಕಾರ್ಮಿಕ ಅಧಿಕಾರಿಗೆ ಅರ್ಜಿ ಬರೆಯಿರಿ. ಕಂಪನಿ ಮತ್ತು ಕಂಟ್ರಾಕ್ಟರ್ ಇಬ್ಬರ ಹೆಸರೂ ಇರಲಿ. ಯಾವ ತಿಂಗಳು, ಎಷ್ಟು ಬಾಕಿ ಅಂತ ಬಿಡಿಸಿ ಬರೆಯಿರಿ. ಗೇಟ್ ಪಾಸ್, ಬ್ಯಾಂಕ್ ಸ್ಟೇಟ್‌ಮೆಂಟ್, ಸೂಪರ್‌ವೈಸರ್ ಕಳಿಸಿದ ಶಿಫ್ಟ್ ಮೆಸೇಜ್‌ಗಳ ಪ್ರತಿ ಲಗತ್ತಿಸಿ. ಇವುಗಳಿಂದ ನೀವು ಅಲ್ಲಿ ದುಡಿದದ್ದು ಗೊತ್ತಾಗುತ್ತದೆ. ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಎಂಬ ಸಂಬಳದ ಕಾನೂನಿನಲ್ಲಿ ಬಾಕಿ ಕೇಳಲು ಮೂರು ವರ್ಷ ಕಾಲಾವಕಾಶ ಇದೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅರ್ಜಿ ವಿಚಾರಣೆ ಮಾಡುವ ಅಧಿಕಾರಿಗೆ ಇದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕಾರ್ಖಾನೆ ಕಾರ್ಮಿಕರಿಗೆ ಅಲ್ಲಿ ನೆರವು ಉಚಿತ.