ಹಳದಿ ತಿರುಗಿದ ಸೂಜಿಮರ ಸತ್ತಿದೆಯೋ ಬದುಕಿದೆಯೋ, ಪತ್ತೆ ಮಾಡುವುದು ಹೇಗೆ?

ಅಮೆರಿಕದ ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಟು ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ, ಅಕ್ಟೋಬರ್‌ನಲ್ಲಿ ಕಡುಹಸಿರು ಕಾಡಿನ ಮಧ್ಯೆ ಕೆಲವು ಮರಗಳು ಮಾತ್ರ ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ. ಸ್ವಲ್ಪ ದಿನ ಬಿಟ್ಟು ಹೋದರೆ ಅವು ಪೂರ್ತಿ ಬೋಳು. ಮಗಳ ಮನೆಗೆಂದು ಊರಿಂದ ಬಂದ ಅಪ್ಪ ಅಮ್ಮ ಅದನ್ನು ನೋಡಿ, 'ಪಾಪ, ರೋಗ ಬಂದಿದೆ' ಅಂದರೆ ಆಶ್ಚರ್ಯವಿಲ್ಲ. ಸೂಜಿ ಎಲೆಯ ಮರ ವರ್ಷವಿಡೀ ಹಸಿರು ಅಂತಲೇ ಅಲ್ವಾ ನಾವೆಲ್ಲ ಶಾಲೆಯಲ್ಲಿ ಓದಿದ್ದು? ಹೆಚ್ಚಿನವು ಹಾಗೇ. ಆದರೆ ಲಾರ್ಚ್, ಬಾಲ್ಡ್ ಸೈಪ್ರೆಸ್, ಡಾನ್ ರೆಡ್‌ವುಡ್‌ನಂಥ ಕೆಲವು ಸೂಜಿ ಎಲೆಯ ಮರಗಳು, ಅಂದರೆ ಕೋನಿಫರ್‌ಗಳು ಪ್ರತಿ ವರ್ಷ ಎಲೆ ಉದುರಿಸುತ್ತವೆ. ಅಂಥ ಮರವನ್ನು ಗುರುತಿಸಲು ಹೀಗೆ ಮಾಡಿ.

1. ಬಣ್ಣ ಎಲ್ಲಿ, ಯಾವಾಗ ಬಂತು ನೋಡಿ. ಪೈನ್ ಮರವೂ ಶರತ್ಕಾಲದಲ್ಲಿ ಒಂದಿಷ್ಟು ಹಳದಿಯಾಗುತ್ತದೆ. ಆದರೆ ಒಳಗಿನ ಹಳೆಯ ಎಲೆಗಳು ಮಾತ್ರ, ಕೊಂಬೆಯ ತುದಿ ಹಸಿರಾಗಿಯೇ ಇರುತ್ತದೆ. ಲಾರ್ಚ್ ಹಾಗಲ್ಲ, ಬುಡದಿಂದ ತುದಿವರೆಗೆ ಇಡೀ ಮರ ಹಳದಿ. ಕ್ಯಾಸ್ಕೇಡ್‌ನ ಎತ್ತರದಲ್ಲಿ ಇದು ಸೆಪ್ಟೆಂಬರ್ ಕೊನೆಗೇ ಶುರು, ಕೆಳಗಿನ ಕಣಿವೆಗಳಲ್ಲಿ ಇನ್ನೂ ತಡ. ಜೂನ್, ಜುಲೈನಲ್ಲೇ ಹಳದಿಯಾದರೆ ಮಾತ್ರ ಏನೋ ತೊಂದರೆ ಇದೆ ಅಂತ ತಿಳಿಯಿರಿ. ಕಂದು ಬಣ್ಣ ಕಂಡ ತಕ್ಷಣವೂ ತೀರ್ಮಾನಕ್ಕೆ ಬರಬೇಡಿ. ಬಾಲ್ಡ್ ಸೈಪ್ರೆಸ್, ಡಾನ್ ರೆಡ್‌ವುಡ್ ಎರಡೂ ಉದುರುವ ಮುಂಚೆ ತಾಮ್ರದ ಬಣ್ಣಕ್ಕೆ ಬರುತ್ತವೆ.

2. ಎಲೆ ಮುಟ್ಟಿ ನೋಡಿ. ವರ್ಷವಿಡೀ ಹಸಿರಾಗಿರುವ ಸ್ಪ್ರೂಸ್ ಮರದ ಎಲೆ ಚುಚ್ಚುತ್ತದೆ. ಲಾರ್ಚ್ ಎಲೆ ಮೆತ್ತಗೆ, ಗಿಡ್ಡ ಗಂಟಿನಂಥ ಮೊಟಕು ರೆಂಬೆಯಿಂದ ಗೊಂಚಲಾಗಿ ಹೊರಟಿರುತ್ತದೆ. ಆ ವರ್ಷದ ಹೊಸ ಚಿಗುರಿನಲ್ಲಿ ಮಾತ್ರ ಒಂಟೊಂಟಿಯಾಗಿ.

ಮೆತ್ತಗಿರಲು ಕಾರಣವಿದೆ. ಪೈನ್ ಎಲೆ ಹಲವು ವರ್ಷ ಬಾಳಬೇಕು, ಹಾಗಾಗಿ ಅದಕ್ಕೆ ದಪ್ಪ ಮೇಣದ ಹೊದಿಕೆ ಬೇಕು. ಲಾರ್ಚ್ ಎಲೆಯ ಆಯುಸ್ಸು ಒಂದೇ ಬೇಸಿಗೆ. ಚಳಿಗಾಲದಲ್ಲಿ ಮಣ್ಣು ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಗುವುದಿಲ್ಲ, ಆದರೆ ಒಣಗಾಳಿ ಎಲೆಯಿಂದ ನೀರು ಎಳೆಯುತ್ತಲೇ ಇರುತ್ತದೆ. ನಮ್ಮ ದಾಂಡೇಲಿಯ ತೇಗ ಬೇಸಿಗೆಯಲ್ಲಿ ಬೋಳಾಗುವುದೂ ನೀರು ಉಳಿಸಲಿಕ್ಕೇ. ಅಲ್ಲಿ ಸೆಕೆ, ಇಲ್ಲಿ ಹಿಮ, ಅಷ್ಟೇ. ಉದುರಿಸುವ ಮುಂಚೆ ಲಾರ್ಚ್ ಎಲೆಯಲ್ಲಿದ್ದ ಸಾರಜನಕದ ದೊಡ್ಡ ಪಾಲನ್ನು ವಾಪಸ್ ಒಳಗೆ ಎಳೆದುಕೊಳ್ಳುತ್ತದೆ. ಹಸಿರು ಪತ್ರಹರಿತ್ತು ಒಡೆದುಹೋದಾಗ ಅದುವರೆಗೆ ಮರೆಯಲ್ಲಿದ್ದ ಹಳದಿ ವರ್ಣದ್ರವ್ಯ ಕಾಣುತ್ತದೆ. ಸೈಬೀರಿಯಾದ ಕೊರೆಯುವ ಚಳಿಯಲ್ಲೂ ಲಾರ್ಚ್ ಕಾಡುಗಳು ಮೈಲುಗಟ್ಟಲೆ ಹಬ್ಬಿವೆ ಅಂದರೆ ಈ ಲೆಕ್ಕಾಚಾರ ಎಷ್ಟು ಗಟ್ಟಿ ನೋಡಿ.

3. ಬೋಳಾಗಿದ್ದರೆ ಉಗುರಿನಿಂದ ಕೆರೆಯಿರಿ. ಸಣ್ಣ ರೆಂಬೆಯ ತೊಗಟೆಯನ್ನು ಸ್ವಲ್ಪ ಕೆರೆದರೆ ಸಾಕು. ಒಳಗೆ ಹಸಿರಾಗಿ, ತೇವವಾಗಿದ್ದರೆ ಜೀವವಿದೆ. ಒಣಗಿ ಕಂದಾಗಿದ್ದರೆ ಇನ್ನೂ ಒಂದೆರಡು ಕಡೆ ನೋಡಿ, ಒಂದೇ ರೆಂಬೆ ಸತ್ತಿರಬಹುದು. ಹಿತ್ತಲಿನ ಮರವಾದರೆ ವಸಂತದವರೆಗೆ ಕಾಯಿರಿ, ಸುಮ್ನೆ ಗರಗಸ ತರಬೇಡಿ.

4. ಯಾವ ಮರ ಅಂತ ಗುರುತಿಸಿ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ ಎರಡು ಬಗೆಯ ಲಾರ್ಚ್ ಇವೆ. ಕೆಳಗಿನ ಇಳಿಜಾರಿನಲ್ಲಿ ನೆಟ್ಟಗೆ ಎತ್ತರಕ್ಕೆ ಬೆಳೆದದ್ದು ವೆಸ್ಟರ್ನ್ ಲಾರ್ಚ್. ಮರಗಳೇ ಮುಗಿಯುವ ಎತ್ತರದಲ್ಲಿ, ಬಂಡೆಗಳ ನಡುವೆ ಇರುವುದು ಸಬ್‌ಆಲ್ಪೈನ್ ಲಾರ್ಚ್. ಇದರ ಎಳೆ ರೆಂಬೆಯ ಮೇಲೆ ಉಣ್ಣೆಯಂಥ ರೋಮ ಇರುತ್ತದೆ. ಅಲ್ಲಿನ ಮೇಪಲ್ ಪಾಸ್, ಬ್ಲೂ ಲೇಕ್ ಚಾರಣದ ದಾರಿಗಳಲ್ಲಿ ಜನ ಮುಗಿಬಿದ್ದು ನೋಡುವುದು ಇದನ್ನೇ. ವಾರಾಂತ್ಯ ಬಿಟ್ಟು ಹೋಗುವುದು ವಾಸಿ.

ನಗರದ ಪಾರ್ಕಿನಲ್ಲಿ ಗರಿಯಂಥ ಎಲೆ ಕಂಡರೆ ಒಂದೇ ಪರೀಕ್ಷೆ ಸಾಕು. ಚಿಕ್ಕ ಎಲೆಗಳು ಎದುರುಬದುರಾಗಿ ಜೋಡಿಯಾಗಿದ್ದರೆ ಡಾನ್ ರೆಡ್‌ವುಡ್, ಒಂದು ಬಿಟ್ಟು ಒಂದು ಇದ್ದರೆ ಬಾಲ್ಡ್ ಸೈಪ್ರೆಸ್. ಎರಡೂ ಎಲೆಯ ಜತೆ ಪುಟ್ಟ ರೆಂಬೆಯನ್ನೂ ಉದುರಿಸುತ್ತವೆ. ಬಾಲ್ಡ್ ಸೈಪ್ರೆಸ್ ಅಮೆರಿಕದ ಲೂಸಿಯಾನಾದ ರಾಜ್ಯ ಮರ. ಅಲ್ಲಿನ ಜೌಗಿನಲ್ಲಿ ಇದರ ಬೇರುಗಳು ಮೊಣಕಾಲಿನಂತೆ ಮೇಲೆದ್ದಿರುತ್ತವೆ. ಡಾನ್ ರೆಡ್‌ವುಡ್ ಕಥೆ ಇನ್ನೂ ಸೊಗಸು. ಜಪಾನಿನ ಸಸ್ಯವಿಜ್ಞಾನಿ ಶಿಗೆರು ಮಿಕಿ 1941ರಲ್ಲಿ ಈ ಸಸ್ಯಕುಲಕ್ಕೆ ಹೆಸರಿಟ್ಟಿದ್ದು ಬರೀ ಪಳೆಯುಳಿಕೆ ನೋಡಿ. ಕೆಲವೇ ವರ್ಷಗಳಲ್ಲಿ ಚೀನಾದ ಹುಬೆಯ್ ಪ್ರಾಂತ್ಯದಲ್ಲಿ ಜೀವಂತ ಮರಗಳೇ ಸಿಕ್ಕವು! 1948ರಿಂದ ಅದರ ಬೀಜ ಊರೂರಿಗೆ ಹೋಯಿತು. ಇಂದು ಪಾರ್ಕುಗಳಲ್ಲಿರುವ ಹಳೆಯ ಮರಗಳಲ್ಲಿ ಹಲವು ಆ ಬೀಜದವೇ.

ಅಂದಹಾಗೆ, ನಮ್ಮ ಕರಾವಳಿಯ ಗಾಳಿ ಮರವನ್ನು ಈ ಸಾಲಿಗೆ ಸೇರಿಸಬೇಡಿ. ನೋಡಲು ಹಾಗೇ ಇದ್ದರೂ ಅದು ಕೋನಿಫರ್ ಅಲ್ಲ.

ವಿಮಾನ ಹತ್ತದೆ ಲಾರ್ಚ್ ನೋಡಬೇಕೆನ್ನುವವರಿಗೆ ಸಿಕ್ಕಿಂ ಇದೆ. ಲಾಚೆನ್, ಲಾಚುಂಗ್ ಕಣಿವೆಗಳ ಎತ್ತರದಲ್ಲಿ ಹಿಮಾಲಯದ ಲಾರ್ಚ್ ಬೆಳೆಯುತ್ತದೆ. ರೆಂಬೆಗಳು ಜೋಲುಬಿದ್ದಿರುತ್ತವೆ, ಬೀಜವಿರುವ ಕೋನ್‌ಗಳು ಮಾತ್ರ ಅವುಗಳ ಮೇಲೆ ನೆಟ್ಟಗೆ ಕೂತಿರುತ್ತವೆ. ಆ ಕಣಿವೆಗಳಿಗೆ ಹೋಗಲು ಭಾರತೀಯರಿಗೂ ಪರ್ಮಿಟ್ ಬೇಕು. ಗ್ಯಾಂಗ್ಟಕ್‌ನ ಟ್ರಾವೆಲ್ ಏಜೆಂಟರು ಮಾಡಿಸಿಕೊಡುತ್ತಾರೆ, ಗುರುತಿನ ಚೀಟಿ ಮತ್ತು ಫೋಟೋ ಜತೆಗಿರಲಿ.