ಸೀಳಿದ ಸೈಕಲ್ ಟಯರಿಗೆ ಟೂತ್‌ಪೇಸ್ಟ್ ಕವಚದ ಒಳಪಟ್ಟಿ

ಟಯರೇ ಸೀಳಿದ್ದರೆ ಬರೀ ಟ್ಯೂಬಿಗೆ ಪ್ಯಾಚ್ ಹಾಕಿ ಪ್ರಯೋಜನವಿಲ್ಲ. ಗಾಳಿ ತುಂಬಿದೊಡನೆ ಟ್ಯೂಬು ಸೀಳಿನಲ್ಲಿ ಉಬ್ಬಿ ಒಡೆಯುತ್ತದೆ. ಖಾಲಿ ಟೂತ್‌ಪೇಸ್ಟ್ ಕವಚವನ್ನು (ಪೇಸ್ಟ್ ತುಂಬಿ ಬರುವ ಪ್ಲಾಸ್ಟಿಕ್ ಕೊಳವೆ) ಉದ್ದಕ್ಕೆ ಕತ್ತರಿಸಿ, ತೊಳೆದು ಒಣಗಿಸಿ. ಸೀಳಿಗಿಂತ ಸುತ್ತಲೂ 2 ಸೆಂ.ಮೀ. ದೊಡ್ಡದಾದ ತುಂಡು ಸಾಕು. ಮೂಲೆಗಳನ್ನು ದುಂಡಗೆ ಕತ್ತರಿಸಲೇಬೇಕು, ಇಲ್ಲದಿದ್ದರೆ ಅವೇ ಟ್ಯೂಬನ್ನು ಕೊರೆಯುತ್ತವೆ. ಹಾಲಿನ ಪ್ಯಾಕೆಟ್ ಬೇಡ, ಅದು ಹಿಗ್ಗುತ್ತದೆ.

ಟಯರಿನ ಒಳಗೆ ಮುಳ್ಳು, ಗಾಜು ಉಳಿದಿಲ್ಲವೆಂದು ನೋಡಿ, ಮರಳು ಒರೆಸಿ, ಸೀಳಿನ ಮೇಲೆ ತುಂಡಿಡಿ. ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಬೇಕಿಲ್ಲ (ಪ್ಲಾಸ್ಟಿಕ್ಕಿಗೆ ಅದು ಸರಿಯಾಗಿ ಹಿಡಿಯುವುದೂ ಇಲ್ಲ), ಗಾಳಿಯ ಒತ್ತಡವೇ ಒತ್ತಿ ಹಿಡಿಯುತ್ತದೆ. ಟ್ಯೂಬಿಗೆ ಮೊದಲೇ ಸ್ವಲ್ಪ ಗಾಳಿ ಹಾಕಿ ಕೂರಿಸಿದರೆ ತುಂಡು ಜರುಗದು. ಆಮೇಲೆ ಮಾಮೂಲಿಗಿಂತ ತುಸು ಕಡಿಮೆ ಗಾಳಿ ತುಂಬಿ, ನಿಧಾನವಾಗಿ ಓಡಿಸಿ. ಸೀಳು ರಿಮ್ಮಿಗೆ ಕೂರುವ ಅಂಚಿನ ತಂತಿಯ ಹತ್ತಿರವಿದ್ದರೆ ಈ ಉಪಾಯ ನಡೆಯದು. ಹೊಸ ಟಯರ್ ಹಾಕಿಸಿ.