ವಿಂಡೋಸ್‌ನಿಂದ ಮ್ಯಾಕ್‌ಗೆ: ಕನ್ನಡದ ಕಡತಗಳ ಸಮೇತ ಬಂದದ್ದು ಹೀಗೆ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನನ್ನ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಒಗ್ಗುತ್ತಿರಲಿಲ್ಲ. ಹೇಗೂ ಹೊಸದು ಕೊಳ್ಳಬೇಕಿತ್ತು, ಮ್ಯಾಕ್‌ಬುಕ್ ಏರ್ ತೆಗೆದುಕೊಂಡೆ. ನನ್ನದು ಕನ್ನಡ ಪುಸ್ತಕಗಳ ಕರಡು ತಿದ್ದುವ, ಪುಟ ಕಟ್ಟುವ ಕೆಲಸ. ಹಳೆಯ ಯಂತ್ರದಲ್ಲಿ 240 ಜಿಬಿ ಕಡತಗಳಿದ್ದವು, ಬಹುಪಾಲು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದವು. ಫೋಟೊ, ಪಿಡಿಎಫ್, ಬ್ರೌಸರ್ ಬುಕ್‌ಮಾರ್ಕ್ ಇವೆಲ್ಲ ಒಂದು ಸಂಜೆಯಲ್ಲಿ ದಾಟುತ್ತವೆ. ಕನ್ನಡದ ಪಠ್ಯ ಹಾಗೆ ದಾಟುವುದಿಲ್ಲ. ಅದರ ಕೆಲಸದಲ್ಲಿ ಮುಕ್ಕಾಲು ಪಾಲು ವಿಂಡೋಸ್ ಯಂತ್ರದಲ್ಲೇ, ಅದು ಇನ್ನೂ ಮೇಜಿನ ಮೇಲೆ ಇರುವಾಗಲೇ ಮುಗಿಯಬೇಕು. ಹಳೆಯದನ್ನು ಮಾರಿಯೋ ಕೊಟ್ಟೋ ಆದ ಮೇಲೆ ಇದು ನೆನಪಾದರೆ ತುಂಬ ಕಷ್ಟ.

ಕಾರಣ ಇಷ್ಟು. ನುಡಿ, ಅದರಂಥವೇ ಆದ ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ (ಫಾಂಟ್‌ಗಳಲ್ಲಿ) ಬರೆದ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಸಂಕೇತಗಳು. ಆ ಸಂಕೇತಗಳ ಮೇಲೆ ಕನ್ನಡದ ಚಿತ್ರ ಹೊದಿಸುವುದು ಅಕ್ಷರಶೈಲಿಯ ಕೆಲಸ. ನುಡಿಯಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯಿರಿ: ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟು ಹೊತ್ತ ಎ, ಪೌಂಡ್ ಹಣದ ಗುರುತು, ಜರ್ಮನ್ ಭಾಷೆಯ ಜೋಡಿ ಎಸ್ ಹೀಗೆ ಒಂದು ಸಾಲು ಬರುತ್ತದೆ. ನುಡಿಯ ಅಕ್ಷರಶೈಲಿಯ ಕಡತಗಳನ್ನು (ಟಿಟಿಎಫ್) ಮ್ಯಾಕ್‌ನ ಫಾಂಟ್ ಬುಕ್‌ನಲ್ಲಿ ಸೇರಿಸಿದರೆ ಓದುವುದಕ್ಕೇನೋ ಬರುತ್ತದೆ. ಆದರೆ ಹುಡುಕಲು, ಮಿಂಚಂಚೆಗೆ ಅಂಟಿಸಲು ಬರುವುದಿಲ್ಲ. ತಿದ್ದಲು ಬೇಕಾದ ನುಡಿ ತಂತ್ರಾಂಶ ವಿಂಡೋಸ್‌ಗೆ ಮಾತ್ರ ಇದೆ. ಆದ್ದರಿಂದ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿಗೆ, ಬದಲಿಸಿಯೇ ತರಬೇಕು.

ಬದಲಿಸುವ ಪರಿವರ್ತಕ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಮೊದಲು ಎಲ್ಲ ಕಡತಗಳ ಒಂದು ಪ್ರತಿ ತೆಗೆದು ‘ಮೂಲ’ ಎಂಬ ಫೋಲ್ಡರಿನಲ್ಲಿಟ್ಟು ಅದನ್ನು ಮುಟ್ಟಲಿಲ್ಲ. ಬದಲಿಸಿದ್ದು ಎರಡನೆಯ ಪ್ರತಿಯನ್ನು. ಎಡವಟ್ಟು ಆಗುವ ಜಾಗಗಳು ನಾಲ್ಕು, ನಾಲ್ಕಕ್ಕೂ ಕಾರಣ ಗೊತ್ತಿದ್ದರೆ ಹುಡುಕುವುದು ಸುಲಭ.

ಮೊದಲನೆಯದು ಇಂಗ್ಲಿಷ್ ಪದಗಳು. ಕನ್ನಡ ಸಾಲಿನ ನಡುವೆ ಇಂಗ್ಲಿಷ್ ಹೆಸರೋ ವೆಬ್ ವಿಳಾಸವೋ ಇದ್ದರೆ, ಅದೂ ಅದೇ ಸಂಕೇತಗಳಲ್ಲಿ ಇರುವುದರಿಂದ ಪರಿವರ್ತಕ ಅದನ್ನೂ ಕನ್ನಡ ಮಾಡಿಬಿಡುತ್ತದೆ. ಬರೀ ಪಠ್ಯವಾಗಿ ಕೊಟ್ಟರೆ ಯಾವುದು ಯಾವುದೆಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ವರ್ಡ್ ಕಡತವಾಗಿ ಕೊಟ್ಟಾಗ, ಅಕ್ಷರಶೈಲಿಯ ಹೆಸರು ನೋಡಿ ಬದಲಿಸುವ ಪರಿವರ್ತಕವಾದರೆ ಇಂಗ್ಲಿಷ್ ಉಳಿಯುತ್ತದೆ. ಉಳಿಯದಿದ್ದರೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಕೈಯಿಂದಲೇ ತಿದ್ದಬೇಕು.

ಎರಡನೆಯದು ‘ಮ’. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ‘ಮ’ ಒಂದೇ ಚಿತ್ರವಲ್ಲ, ‘ವ’ದ ಚಿತ್ರಕ್ಕೆ ಕೊಂಬು ಸೇರಿಸಿ ಮಾಡಿದ್ದು. ‘ಯ’ ಕೂಡ ಹೀಗೇ, ಸೊನ್ನೆಯಿಂದ ಶುರುವಾಗುವ ತುಂಡುಗಳ ಜೋಡಣೆ. ಒಳ್ಳೆಯ ಪರಿವರ್ತಕ ಇಡೀ ಸರಣಿಯನ್ನು ಒಟ್ಟಿಗೆ ನೋಡುತ್ತದೆ. ಆದರೆ ಅಕ್ಷರದ ಮಧ್ಯದಲ್ಲಿ ದಪ್ಪಕ್ಷರದ ಗಡಿ ಬಿದ್ದಿದ್ದರೆ, ಅಥವಾ ಬಣ್ಣ ಬದಲಾಗಿದ್ದರೆ, ವರ್ಡ್ ಒಳಗೊಳಗೇ ಪಠ್ಯವನ್ನು ಎರಡು ತುಂಡು ಮಾಡಿ ಇಟ್ಟಿರುತ್ತದೆ. ಪರಿವರ್ತಕ ತುಂಡುಗಳನ್ನು ಬೇರೆಬೇರೆಯಾಗಿ ನೋಡಿ, ‘ಮನೆ’ ಇದ್ದಲ್ಲಿ ‘ವನೆ’ ಮಾಡಿ ಕೊಂಬನ್ನು ಅನಾಥ ಮಾಡುತ್ತದೆ. ಇಂಥ ಕಡತಗಳಲ್ಲಿ ದಪ್ಪ, ಓರೆ ಎಲ್ಲವನ್ನೂ ತೆಗೆದುಹಾಕಿ ಬದಲಿಸುವುದೇ ಕ್ಷೇಮ. ಶೀರ್ಷಿಕೆಗಳನ್ನು ಆಮೇಲೆ ಮತ್ತೆ ದಪ್ಪ ಮಾಡಿಕೊಂಡರಾಯಿತು.

ಮೂರನೆಯದು ದೀರ್ಘ. ‘ಕೀ’, ‘ಕೇ’, ‘ಕೋ’ಗಳಲ್ಲಿ ಕೊನೆಗೆ ಬರುವ ದೀರ್ಘದ ಚಿಹ್ನೆ ಹಳೆಯ ಶೈಲಿಯಲ್ಲಿ ಪ್ರತ್ಯೇಕ ತುಂಡು. ಯೂನಿಕೋಡ್‌ನಲ್ಲಿ ಅದು ಸಾಮಾನ್ಯವಾಗಿ ಅಕ್ಷರದ ಸ್ವರದೊಳಗೇ ಸೇರಿರುತ್ತದೆ. ಸೇರದೆ ಉಳಿದದ್ದು ಚುಕ್ಕಿಯ ವೃತ್ತದ ಪಕ್ಕದಲ್ಲಿ ಒಂಟಿಯಾಗಿ ಕಾಣುತ್ತದೆ. ನಾನು ಕಂಡುಕೊಂಡ ಉಪಾಯ ಇದು: ಹಾಗೆ ಉಳಿದ ಒಂದು ಒಂಟಿ ದೀರ್ಘವನ್ನು ನಕಲು ಮಾಡಿ, ಹುಡುಕುವ ಪೆಟ್ಟಿಗೆಗೆ ಅಂಟಿಸಿ ಇಡೀ ಕಡತದಲ್ಲಿ ಹುಡುಕುವುದು. ಸಿಕ್ಕ ಪ್ರತಿಯೊಂದೂ ಬದಲಾವಣೆ ಮುರಿದ ಜಾಗ, ಅದರ ಅಕ್ಕಪಕ್ಕದಲ್ಲೇ ಬೇರೆ ತಪ್ಪುಗಳೂ ಇರುತ್ತವೆ. 300 ಪುಟದ ಪುಸ್ತಕವನ್ನು ಓದದೆಯೇ ಹೀಗೆ ಬಹುಮಟ್ಟಿಗೆ ಶುಚಿ ಮಾಡಬಹುದು.

ನಾಲ್ಕನೆಯದು ಅರ್ಕಾವತ್ತು. ಹಳೆಯ ಶೈಲಿಯಲ್ಲಿ ‘ಸೂರ್ಯ’ ಎಂದರೆ ಸೂ, ಯ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಸೂ, ರ, ವಿರಾಮ, ಯ. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ದು ಕೂರಿಸಬೇಕು. ಸರಳ ಪದಗಳಲ್ಲಿ ಸರಿಯಾಗಿ ಕೂರುತ್ತದೆ, ಅರ್ಕಾವತ್ತಿನ ಜೊತೆ ಇನ್ನೊಂದು ಒತ್ತೂ ಇರುವ ಪದಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು. ‘ರಾಜ್‌ಕುಮಾರ್’ ಎಂಬಂಥ ಹೆಸರುಗಳಲ್ಲಿ ಅಕ್ಷರ ಒತ್ತಾಗದಂತೆ ತಡೆಯುವ ಅದೃಶ್ಯ ಗುರುತು ಬಿಟ್ಟುಹೋಗಿ ‘ರಾಜ್ಕುಮಾರ್’ ಆಗಿರುವುದೂ ಉಂಟು.

ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳಿದ್ದರೆ ಅವಕ್ಕೂ ಈಗಲೇ ಗತಿ ಕಾಣಿಸಬೇಕು. ಪೇಜ್‌ಮೇಕರ್ 7ರ ನಂತರ ಹೊಸ ಆವೃತ್ತಿ ಬರಲಿಲ್ಲ, ಇಂದಿನ ಮ್ಯಾಕ್‌ನಲ್ಲಿ ಅದು ನಡೆಯುವುದಿಲ್ಲ. ಅದರ ಕಡತಗಳನ್ನು ಪುಟ ಕಟ್ಟುವ ಇನ್ನೊಂದು ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ತೆರೆಯುತ್ತಿದ್ದವು, ಈಗಿನವು ತೆರೆಯುವುದಿಲ್ಲ. ಪ್ರತಿ ಪುಸ್ತಕಕ್ಕೂ ನಾನು ಎರಡು ಪ್ರತಿ ಹೊರತೆಗೆದೆ: ಪುಟವಿನ್ಯಾಸ ನೋಡಲು ಪಿಡಿಎಫ್, ಮತ್ತೆ ಬಳಸಲು ಆರ್‌ಟಿಎಫ್ ಪಠ್ಯ.

ಇನ್ನು ಸಾಗಿಸುವುದು. ವಿಂಡೋಸ್‌ಗೆಂದು ಆಪಲ್ ಕೊಡುವ ಮೈಗ್ರೇಶನ್ ಅಸಿಸ್ಟೆಂಟ್ ಇದೆ. ಎರಡೂ ಯಂತ್ರಗಳನ್ನು ಒಂದೇ ವೈಫೈಗೆ ಸೇರಿಸಿ, ಎರಡರಲ್ಲೂ ಕಾಣುವ ಸಂಖ್ಯೆ ಒಂದೇ ಎಂದು ನೋಡಿ ಒಪ್ಪಿದರೆ ಸಾಗಣೆ ಶುರುವಾಗುತ್ತದೆ. ಕಡತಗಳು ಬರುತ್ತವೆ, ತಂತ್ರಾಂಶಗಳು ಬರುವುದಿಲ್ಲ. ಇಷ್ಟು ದೊಡ್ಡ ಗಂಟಿಗೆ ನನಗೆ ಹೊರಗಿನ ಡಿಸ್ಕೇ ಮೇಲು ಅನ್ನಿಸಿತು. ಎಲ್ಲಿ ಏನಿದೆಯೆಂಬುದು ನಮ್ಮ ಹಿಡಿತದಲ್ಲಿ ಇರುತ್ತದೆ. ಡಿಸ್ಕನ್ನು ಎರಡೂ ಯಂತ್ರಗಳು ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕನ್ನು ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ವಿಂಡೋಸ್‌ನ ಬಿಟ್‌ಲಾಕರ್ ಬೀಗ ಹಾಕಿದ ಡಿಸ್ಕನ್ನು ಮ್ಯಾಕ್ ತಾನಾಗಿ ತೆರೆಯಲಾರದು, ಬೀಗ ತೆಗೆದೇ ತರಬೇಕು. ಎಕ್ಸ್‌ಫ್ಯಾಟ್‌ಗೆ ಒಂದು ದೌರ್ಬಲ್ಯವಿದೆ: ಬರೆಯುತ್ತಿರುವಾಗ ಕಿತ್ತರೆ ಕಡತಗಳ ಪಟ್ಟಿಯೇ ಕೆಡಬಹುದು. ಇಜೆಕ್ಟ್ ಮಾಡದೆ ಕೀಳಬೇಡಿ.

ಎಲ್ಲ ಬಂದಿದೆಯೇ ಎಂದು ನೋಡುವಾಗ ಜಿಬಿ ಅಂಕಿ ನೋಡಿ ಗಾಬರಿಯಾಗಬೇಡಿ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಮ್ಯಾಕ್ 1000ದ್ದು. ಅಲ್ಲಿ 240 ಜಿಬಿ ಇದ್ದ ಫೋಲ್ಡರ್ ಇಲ್ಲಿ ಸುಮಾರು 258 ಜಿಬಿ ಎಂದು ತೋರಿಸುತ್ತದೆ. ಫೋಲ್ಡರ್ ಆರಿಸಿ ಕಮಾಂಡ್ ಮತ್ತು ಐ ಒತ್ತಿದರೆ ಬೈಟ್‌ಗಳ ಪೂರ್ಣ ಸಂಖ್ಯೆ ಸಿಗುತ್ತದೆ, ಹೋಲಿಸಬೇಕಾದ್ದು ಅದನ್ನೇ.

ಕನ್ನಡದಲ್ಲಿ ಕಡತಕ್ಕೆ ಹೆಸರಿಡುವವರಿಗೆ ಇನ್ನೊಂದು ಸೂಕ್ಷ್ಮ. ‘ಕೋಟೆ’ ಎಂದು ಮ್ಯಾಕ್‌ನಲ್ಲಿ ಹೆಸರಿಟ್ಟರೆ ‘ಕೋ’ದ ಸ್ವರ ಬಿಡಿಸಿದ ತುಂಡುಗಳಾಗಿ ಉಳಿಯಬಹುದು. ವಿಂಡೋಸ್‌ನಲ್ಲಿ ಟೈಪ್ ಮಾಡಿದ ‘ಕೋಟೆ’ಯಲ್ಲಿ ಅದು ಒಂದೇ ಸಂಕೇತ. ಕಣ್ಣಿಗೆ ಎರಡೂ ಒಂದೇ. ಆದರೆ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದನ್ನು ವಿಂಡೋಸ್‌ನವರು ಹೆಸರು ಟೈಪಿಸಿ ಹುಡುಕಿದರೆ ಸಿಗದೇ ಹೋಗಬಹುದು, ಒಂದೇ ಹೆಸರಿನ ಎರಡು ಕಡತ ಅಕ್ಕಪಕ್ಕ ಕೂತಂತೆಯೂ ಕಾಣಬಹುದು. ವಿಂಡೋಸ್ ಬಳಸುವವರಿಗೆ ಕಳಿಸುವ ಕಡತಗಳಿಗೆ ನಾನೀಗ ಇಂಗ್ಲಿಷ್ ಅಕ್ಷರಗಳಲ್ಲೇ ಹೆಸರಿಡುತ್ತೇನೆ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಹಾಕುವುದಿಲ್ಲ; ಮ್ಯಾಕ್ ಒಪ್ಪಿದರೂ ವಿಂಡೋಸ್ ಒಪ್ಪುವುದಿಲ್ಲ.

ಬೆರಳುಗಳಿಗೆ ಹೊಸ ಅಭ್ಯಾಸ ಹಿಡಿಯಲು ಎರಡು ವಾರ ಬೇಕು. ಕಂಟ್ರೋಲ್ ಕೀಲಿ ಮಾಡುತ್ತಿದ್ದ ಕೆಲಸ ಇಲ್ಲಿ ಸ್ಪೇಸ್ ಬಾರ್‌ಗೆ ಅಂಟಿಕೊಂಡ ಕಮಾಂಡ್‌ನದು, ಹೆಬ್ಬೆರಳಲ್ಲಿ ಒತ್ತುವುದು. ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳಬಹುದು, ಆದರೆ ಮಾಡಿಕೊಳ್ಳಬೇಡಿ ಎನ್ನುತ್ತೇನೆ: ಬೇರೆ ಮ್ಯಾಕ್ ಮುಂದೆ ಕೂತ ದಿನ ಕೈ ಮತ್ತೆ ತಡವರಿಸುತ್ತದೆ. ಕಡತಗಳನ್ನು ತೋರಿಸುವ ಫೈಂಡರ್‌ನಲ್ಲಿ ಒಂದನ್ನು ಆರಿಸಿ ರಿಟರ್ನ್ ಒತ್ತಿದರೆ ತೆರೆಯುವುದಿಲ್ಲ, ಹೆಸರು ಬದಲಿಸಲು ಸಿದ್ಧವಾಗುತ್ತದೆ. ತೆರೆಯುವುದಕ್ಕೆ ಕಮಾಂಡ್ ಮತ್ತು ಓ. ಕಡತವನ್ನು ಕಟ್ ಮಾಡಿ ಒಯ್ಯುವ ಕ್ರಮವೂ ಇಲ್ಲ. ಕಮಾಂಡ್ ಸಿ ಒತ್ತಿ ನಕಲು ಮಾಡಿಕೊಂಡು, ಹೊಸ ಜಾಗದಲ್ಲಿ ಆಪ್ಶನ್, ಕಮಾಂಡ್, ವಿ ಒಟ್ಟಿಗೆ ಒತ್ತಿದರೆ ಅಲ್ಲಿಗೆ ವರ್ಗವಾಗುತ್ತದೆ. ಮುಂದಿನ ಅಕ್ಷರ ಅಳಿಸಲು ಎಫ್‌ಎನ್ ಜೊತೆ ಡಿಲೀಟ್. ಕಿಟಕಿಯ ಕೆಂಪು ಗುಂಡಿ ಕಿಟಕಿಯನ್ನಷ್ಟೇ ಮುಚ್ಚುತ್ತದೆ, ತಂತ್ರಾಂಶ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ನಿಲ್ಲಿಸಲು ಕಮಾಂಡ್ ಕ್ಯೂ. ಪರದೆಯ ಒಂದು ಭಾಗದ ಚಿತ್ರ ಬೇಕಾದರೆ ಶಿಫ್ಟ್, ಕಮಾಂಡ್, 4.

ಕನ್ನಡ ಟೈಪಿಂಗ್‌ಗೆ ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಅಲ್ಲಿ ಇನ್‌ಪುಟ್ ಸೋರ್ಸ್ ಪಕ್ಕದ ಎಡಿಟ್, ಆಮೇಲೆ ಪ್ಲಸ್ ಗುರುತು. ಕನ್ನಡ ಮತ್ತು ಕನ್ನಡ ಕ್ವರ್ಟಿ ಎಂಬವು ಸಿಗುತ್ತವೆ. ಮೊದಲನೆಯದು ಇನ್‌ಸ್ಕ್ರಿಪ್ಟ್, ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಕೀಲಿ ವಿನ್ಯಾಸ. ಕೆ.ಪಿ. ರಾವ್ ವಿನ್ಯಾಸದಲ್ಲಿ, ಅಂದರೆ ನುಡಿಯ ಕೀಲಿಗಳಲ್ಲಿ, ಕೈ ಪಳಗಿದವರಿಗೆ ಕ್ವರ್ಟಿ ಹತ್ತಿರದ್ದು, ಆದರೆ ಅದೇ ಅಲ್ಲ. ಮೊದಲ ವಾರ ಕೀಬೋರ್ಡ್ ವ್ಯೂವರ್ ತೆರೆದಿಟ್ಟುಕೊಂಡು ಯಾವ ಕೀಲಿಗೆ ಯಾವ ಅಕ್ಷರ ಎಂದು ನೋಡುತ್ತ ಬರೆಯಿರಿ. ನುಡಿಯ ವಿನ್ಯಾಸವೇ ಬೇಕೆಂದರೆ ಯುಕೆಲೆಲೆ ಎಂಬ ಉಚಿತ ತಂತ್ರಾಂಶದಲ್ಲಿ ಕೀಲಿಮಣೆ ತಯಾರಿಸಿಕೊಂಡು, ಲೈಬ್ರರಿಯೊಳಗಿನ ಕೀಬೋರ್ಡ್ ಲೇಔಟ್ಸ್ ಫೋಲ್ಡರಿಗೆ ಹಾಕಿ, ಲಾಗ್ ಔಟ್ ಮಾಡಿ ಮತ್ತೆ ಬಂದರೆ ಪಟ್ಟಿಯಲ್ಲಿ ಕಾಣುತ್ತದೆ. ದಿನವಿಡೀ ಬೆರಳಚ್ಚು ಮಾಡುವವರು ಈ ಒಂದು ದಿನದ ಶ್ರಮ ಪಡುವುದು ಒಳ್ಳೆಯದು.

ಭಾಷೆ ಬದಲಿಸಲು ಕಂಟ್ರೋಲ್ ಮತ್ತು ಸ್ಪೇಸ್, ಅಥವಾ ಗೋಳದ ಚಿತ್ರವಿರುವ ಕೀಲಿ. ಅದೇ ಪುಟದಲ್ಲಿ ಪ್ರತಿ ದಾಖಲೆಗೂ ತನ್ನ ಭಾಷೆಗೆ ತಾನಾಗಿ ಬದಲಾಗುವ ಆಯ್ಕೆ ಇದೆ, ಹಾಕಿಕೊಳ್ಳಿ. ವರ್ಡ್‌ನಲ್ಲಿ ಕನ್ನಡ, ಬ್ರೌಸರ್‌ನಲ್ಲಿ ಇಂಗ್ಲಿಷ್ ಬರೆಯುವಾಗ ಪದೇಪದೇ ಬದಲಿಸುವ ಕಾಟ ತಪ್ಪುತ್ತದೆ. ‘ರಾಜ್‌ಕುಮಾರ್’ಗೆ ಬೇಕಾದ ಅದೃಶ್ಯ ಗುರುತಿಗೆ ಯೂನಿಕೋಡ್ ಹೆಕ್ಸ್ ಇನ್‌ಪುಟ್ ಎಂಬ ಕೀಲಿಮಣೆಯನ್ನೂ ಪಟ್ಟಿಗೆ ಸೇರಿಸಿ. ಅದಕ್ಕೆ ಬದಲಿಸಿ, ಆಪ್ಶನ್ ಒತ್ತಿ ಹಿಡಿದು 200ಸಿ ಎಂದು ಇಂಗ್ಲಿಷ್ ಸಿ ಬಳಸಿ ಟೈಪಿಸಿದರೆ ಬೀಳುತ್ತದೆ.

ಅಕ್ಷರಶೈಲಿ ಬದಲಾದರೆ ಪುಟಗಳು ಸರಿಯುತ್ತವೆ. ವಿಂಡೋಸ್‌ನ ತುಂಗ, ನಿರ್ಮಲ ಯುಐಗಳಲ್ಲಿ ಸಿದ್ಧವಾದ ವರ್ಡ್ ಕಡತಕ್ಕೆ ಆ ಶೈಲಿ ಇಲ್ಲಿ ಸಿಗದಿದ್ದರೆ ಕನ್ನಡ ಸಂಗಮ್ ಎಂಎನ್‌ನಂಥ ಬೇರೊಂದು ಬಂದು ಕೂರುತ್ತದೆ. ಅಕ್ಷರದ ಅಗಲ ಬೇರೆಯಾದ್ದರಿಂದ ಸಾಲು ಬೇರೆ ಕಡೆ ಮುರಿದು, 112ನೇ ಪುಟದ್ದು 115ಕ್ಕೆ ಹೋಗಿ, ಪರಿವಿಡಿಯ ಪುಟಸಂಖ್ಯೆಗಳು ಸುಳ್ಳಾಗುತ್ತವೆ. ಉಚಿತವಾಗಿ ಸಿಗುವ ನೋಟೊ ಸೆರಿಫ್ ಕನ್ನಡವನ್ನು ನನ್ನ ಮ್ಯಾಕ್‌ನಲ್ಲೂ, ಲೇಖಕರ ವಿಂಡೋಸ್‌ನಲ್ಲೂ ಹಾಕಿಸಿ ಅದರಲ್ಲೇ ಕೆಲಸ ಮಾಡುತ್ತೇವೆ. ಅಚ್ಚಿನ ಮನೆಗೆ ಹೋಗುವುದು ಪಿಡಿಎಫ್ ಮಾತ್ರ. ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅಕ್ಷರಶೈಲಿಯನ್ನು ದೂರಬೇಡಿ. ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ಅಡೋಬ್ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿದರೆ ಕೂಡಿಕೊಳ್ಳುತ್ತವೆ.

ಟ್ಯಾಲಿಯಂಥ ವಿಂಡೋಸ್ ತಂತ್ರಾಂಶವೇ ಬೇಕೆಂದಿದ್ದರೆ, ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ವಿಂಡೋಸನ್ನೇ ನೇರವಾಗಿ ಹಾಕಿಕೊಳ್ಳಲು ಬಿಡುವ ಬೂಟ್ ಕ್ಯಾಂಪ್ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಪ್ಯಾರಲಲ್ಸ್ ಎಂಬ ತಂತ್ರಾಂಶ ಹಾಕಿ ಅದರೊಳಗೆ ಇಂಥ ಚಿಪ್‌ಗಳಿಗೆ ಒಗ್ಗುವ, ಆರ್ಮ್ ಮಾದರಿಯ ವಿಂಡೋಸ್ 11 ನಡೆಸಬಹುದು. ಅಪರೂಪಕ್ಕೆ ಬೇಕಾಗುವಂಥದ್ದಾದರೆ ಬೇರೊಂದು ವಿಂಡೋಸ್ ಯಂತ್ರಕ್ಕೆ ದೂರದಿಂದ ಸೇರುವುದು ಅಗ್ಗ. ಮ್ಯಾಕ್‌ನಲ್ಲಿ ಅದಕ್ಕೆ ಮೈಕ್ರೋಸಾಫ್ಟ್‌ನದೇ ವಿಂಡೋಸ್ ಆ್ಯಪ್ ಇದೆ. ಆ ಯಂತ್ರದಲ್ಲಿ ವಿಂಡೋಸ್ ಪ್ರೊ ಇರಬೇಕು, ಹೋಮ್ ಆವೃತ್ತಿ ಒಳಗೆ ಬಿಡುವುದಿಲ್ಲ.

ಹೊರಗಿನ ಎಕ್ಸ್‌ಫ್ಯಾಟ್ ಡಿಸ್ಕನ್ನು ಹಾಗೇ ಎತ್ತಿಟ್ಟು, ಮ್ಯಾಕ್‌ನ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್‌ಗೆ ಬೇರೆಯೇ ಡಿಸ್ಕ್ ಕೊಟ್ಟೆ. ಮ್ಯಾಕ್‌ನ ಸಂಗ್ರಹಕ್ಕಿಂತ ಎರಡು ಪಟ್ಟು ದೊಡ್ಡದಿರಲಿ. ಟೈಮ್ ಮಷೀನ್ ಅದನ್ನು ತನ್ನ ಮಾದರಿಗೆ ಬದಲಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಹಳೆಯ ಯಂತ್ರವನ್ನು ಮೂರು ತಿಂಗಳು ಅಳಿಸದೆ ಇಟ್ಟುಕೊಂಡೆ. ಅಳಿಸುವ ಮುನ್ನ ಮಾಡಿದ ಕೊನೆಯ ಪರೀಕ್ಷೆ: ಹತ್ತು ಹಳೆಯ ಪುಸ್ತಕ ಆರಿಸಿ, ಪ್ರತಿಯೊಂದರ ಒಳಪುಟದಿಂದ ಅಪರೂಪದ ಒಂದು ಪದ ತೆಗೆದುಕೊಂಡು ಫೈಂಡರ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಿದೆ. ಒಂಬತ್ತು ಸಿಕ್ಕವು. ಹತ್ತನೆಯದರಲ್ಲಿ ‘ಯ’ ಇದ್ದ ಪದವೆಲ್ಲ ತುಂಡಾಗಿದ್ದವು. ‘ಮೂಲ’ ಫೋಲ್ಡರಿನಿಂದ ಅದನ್ನು ತೆಗೆದು, ಓರೆ ಅಕ್ಷರಗಳನ್ನೆಲ್ಲ ನೇರ ಮಾಡಿ, ನುಡಿಯಲ್ಲಿ ಇನ್ನೊಮ್ಮೆ ಬದಲಿಸಿದ ಮೇಲೆ ಅದೂ ಸಿಕ್ಕಿತು.